ವರ್ಗಾವಣೆಗೆ ಒಪ್ಪದ ಪ್ರಾಣಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾಲೊನಿಯ ಹಿಂಬದಿಯ ಗೋಡೆಯ ಮೇಲೆ ಒಂದು ಚಿರತೆ ಕಾಣಿಸಿಕೊಂಡಿತು. ಕಣ್ಣಾರೆ ಕಂಡವರು ಯಾರೂ ಇಲ್ಲ, ಕಂಡದ್ದು ಸಿಸಿಟಿವಿ. ರಾತ್ರಿ ಎರಡೂವರೆಯ ಸುಮಾರಿಗೆ ಅದು ಗೋಡೆಯ ಮೇಲೆ ನಾಲ್ಕು ಹೆಜ್ಜೆ ನಡೆದು, ಅರೆಕ್ಷಣ ಕುಳಿತು, ಕಸದ ತೊಟ್ಟಿಯ ಕಡೆ ನೋಡಿ, ಬಂದ ದಾರಿಯಲ್ಲೇ ಇಳಿದುಹೋದ ಕೆಲವು ಸೆಕೆಂಡುಗಳ ದೃಶ್ಯ. ಬೆಳಗಾಗುವುದರೊಳಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ಸಂಜೆಯ ವೇಳೆಗೆ ಒಂದು ಮನವಿಪತ್ರವೂ ಸಿದ್ಧವಾಯಿತು: ಅರಣ್ಯ ಇಲಾಖೆಯವರು ತಕ್ಷಣ ಬೋನು ಇಟ್ಟು ಈ ಪ್ರಾಣಿಯನ್ನು ಹಿಡಿದು 'ದೂರದ ಕಾಡಿಗೆ' ಬಿಡತಕ್ಕದ್ದು. ನಾವೂ ಸಹಿ ಹಾಕಿದೆವು. ಸಹಿ ಹಾಕಿದ ಮೇಲೆ ಯೋಚಿಸಿದ್ದರ ಫಲ ಈ ಬರಹ.

ನಮ್ಮದು ಕೇಂದ್ರ ಸರಕಾರಿ ನೌಕರರ ಕಾಲೊನಿ. ಇಲ್ಲಿಯ ಪ್ರತಿ ಮನೆಯಲ್ಲೂ ವರ್ಗಾವಣೆಯ ಒಂದಾದರೂ ಕಥೆಯಿದೆ. ಮಕ್ಕಳ ಪರೀಕ್ಷೆಯ ನಡುವೆ ಬಂದ ಆದೇಶ, ಹೊಸ ಊರಿನಲ್ಲಿ ಮನೆ ಸಿಗದೆ ಲಾಡ್ಜಿನಲ್ಲಿ ಕಳೆದ ತಿಂಗಳುಗಳು, ಎರಡೇ ವರ್ಷದಲ್ಲಿ ಹೇಗೋ ಹಳೆಯ ಊರಿಗೇ ಮರಳಿದ ಸಾಹಸ. ಅಂಥ ನಾವೇ ಸೇರಿ ಒಂದು ಪ್ರಾಣಿಯನ್ನು ವರ್ಗಾವಣೆ ಮಾಡಿ ಎಂದು ಅರ್ಜಿ ಬರೆದೆವಲ್ಲ ಎಂಬುದು ಮಾರನೆಯ ದಿನ ಲೋಕಲಿನಲ್ಲಿ ನಿಂತು ಪ್ರಯಾಣಿಸುವಾಗ ಹೊಳೆಯಿತು.

ಮುಂಬಯಿಯ ಹೊರಗಿರುವ ಓದುಗರಿಗಾಗಿ ಈ ಜಾಗದ ಪರಿಚಯ ಸ್ವಲ್ಪ ಹೇಳಬೇಕು. ಪಶ್ಚಿಮದಲ್ಲಿ ಬೊರಿವಲಿ, ಗೋರೆಗಾಂವ್. ಪೂರ್ವದಲ್ಲಿ ಮುಲುಂಡ್, ಠಾಣೆ. ಉತ್ತರದಲ್ಲಿ ವಸಯಿಯ ಖಾಡಿ. ಇವುಗಳ ನಡುವೆ ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ತುಳಸಿ, ವಿಹಾರ್ ಎಂಬ ಎರಡು ಕೆರೆಗಳು ಅದರೊಳಗಿವೆ. ದಕ್ಷಿಣಕ್ಕೆ ಅಂಟಿಕೊಂಡಂತೆ ಆರೆ ಮಿಲ್ಕ್ ಕಾಲೊನಿ: 1949ರಲ್ಲಿ ಊರೊಳಗಿನ ಎಮ್ಮೆಗಳ ತಬೇಲಾಗಳನ್ನು ಒಂದೆಡೆ ಸೇರಿಸಲು ಸ್ಥಾಪಿಸಿದ್ದು, ಇಂದಿಗೂ ಹುಲ್ಲುಗಾವಲು, ಮರಗಳು, ಆದಿವಾಸಿ ಪಾಡಾಗಳು ಉಳಿದುಕೊಂಡಿರುವ ಪ್ರದೇಶ. ಮೂರು ಕಡೆಯಿಂದಲೂ ಗಗನಚುಂಬಿಗಳು ಒತ್ತಿ ನಿಂತಿರುವ ಈ ಹಸಿರಿನಲ್ಲಿ 2015ರಲ್ಲಿ ಕ್ಯಾಮೆರಾ ಇಟ್ಟು ಎಣಿಸಿದಾಗ ಕಂಡ ಚಿರತೆಗಳು 35. 2018ರಲ್ಲಿ 47. ಇತ್ತೀಚಿನ ಎಣಿಕೆ ಐವತ್ತನ್ನೂ ದಾಟಿದೆ. ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಆದ್ದರಿಂದ ಈ ಎಣಿಕೆ ಅಂದಾಜಿನ ಮಾತಲ್ಲ. ಚಿತ್ರಕ್ಕೆ ಚಿತ್ರ ಹೋಲಿಸಿ ತೆಗೆದ ಲೆಕ್ಕ.

ಮರಾಠಿಯಲ್ಲಿ ಇದು ಬಿಬಟ್ಯಾ. ಪಾಡಾದ ಹಿರಿಯರಿಗೆ ಮಾತ್ರ ಹುಲಿಯೂ ವಾಘ್, ಚಿರತೆಯೂ ವಾಘ್. ನಮ್ಮ ಕರಾವಳಿಯ ಮಿತ್ರರು ಚಿಟ್ಟೆಹುಲಿ ಎನ್ನುತ್ತಾರೆ. ಹೆಸರಿನಲ್ಲಿ ಹುಲಿಯಿದ್ದರೂ ಸ್ವಭಾವದಲ್ಲಿ ಇದು ಹುಲಿಯಲ್ಲ. ಹುಲಿಗೆ ದೊಡ್ಡ ಕಾಡು ಬೇಕು, ದೊಡ್ಡ ಬೇಟೆ ಬೇಕು. ಚಿರತೆ ಹೊಂದಿಕೊಳ್ಳುವ ಪ್ರಾಣಿ. ಚುಕ್ಕೆಜಿಂಕೆ ಸಿಕ್ಕರೆ ಜಿಂಕೆ, ಹಂದಿ ಸಿಕ್ಕರೆ ಹಂದಿ. ಏನೂ ಸಿಗದಿದ್ದರೆ ಹೆಗ್ಗಣವೂ ಆದೀತು. ಅಡಗಲು ಒಂದು ಪೊದೆ, ಕಬ್ಬಿನ ಗದ್ದೆ, ಪಾಳುಬಿದ್ದ ಕಟ್ಟಡ ಸಾಕು. ಒಂಟಿಯಾಗಿ ಬದುಕುತ್ತದೆ, ಹಗಲು ಮಲಗಿ ರಾತ್ರಿ ತಿರುಗುತ್ತದೆ. ಮರಿಗಳು ಒಂದೂವರೆ ಎರಡು ವರ್ಷ ತಾಯಿಯ ಜೊತೆಗಿದ್ದು, ಎಲ್ಲಿ ನೀರು, ಎಲ್ಲಿ ನಾಯಿ, ಎಷ್ಟು ಹೊತ್ತಿಗೆ ಮನುಷ್ಯರ ಓಡಾಟ ನಿಲ್ಲುತ್ತದೆ ಎಂಬುದನ್ನೆಲ್ಲ ಕಲಿತು ಬೇರೆಯಾಗುತ್ತವೆ. ಈ ಕಲಿಕೆಯೇ ಅದರ ಆಸ್ತಿ. ಆ ನೆಲ, ಆ ದಾರಿ, ಆ ವೇಳೆ ತಿಳಿದಿರುವುದರಿಂದಲೇ ಅದು ನಮ್ಮ ನಡುವೆ ಇದ್ದೂ ನಮ್ಮ ಕಣ್ಣಿಗೆ ಬೀಳದೆ ಬಾಳುತ್ತದೆ. ನಮ್ಮ ಕ್ಯಾಮೆರಾ ಇರುವ ಗೋಡೆಯ ಮೇಲೆ ಅದು ಅದೆಷ್ಟು ವರ್ಷದಿಂದ ನಡೆಯುತ್ತಿತ್ತೋ! ಕ್ಯಾಮೆರಾ ಹಾಕಿಸಿದ್ದು ಮೊನ್ನೆ ಮೊನ್ನೆ.

ಇಂಥ ಪ್ರಾಣಿಯನ್ನು ಹಿಡಿದು ಬೇರೆಡೆ ಬಿಟ್ಟರೆ ಏನಾಗುತ್ತದೆ? ಇದು ತರ್ಕದ ಪ್ರಶ್ನೆಯಲ್ಲ, ಮಹಾರಾಷ್ಟ್ರ ಈಗಾಗಲೇ ಮಾಡಿ ನೋಡಿದ ಪ್ರಯೋಗ. ಪುಣೆ ಜಿಲ್ಲೆಯ ಜುನ್ನರ್ ಭಾಗದ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಹೆಚ್ಚಾದವೆಂದು 2001ರಿಂದ ಮೂರು ವರ್ಷ ದೊಡ್ಡ ಪ್ರಮಾಣದಲ್ಲಿ ಅವುಗಳನ್ನು ಹಿಡಿದು ಕಾಡುಗಳಿಗೆ ಬಿಡಲಾಯಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅದರ ಪರಿಣಾಮವನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಮೊದಲು ವರ್ಷಕ್ಕೆ ಸರಾಸರಿ ನಾಲ್ಕು ಇದ್ದ ಮನುಷ್ಯರ ಮೇಲಿನ ದಾಳಿಗಳು ಸ್ಥಳಾಂತರದ ನಂತರ 17ಕ್ಕೆ ಏರಿದವು. ಅಷ್ಟೇ ಅಲ್ಲ, ಚಿರತೆಗಳನ್ನು ಬಿಟ್ಟ ಜಾಗಗಳ ಸುತ್ತಮುತ್ತಲೂ ದಾಳಿಗಳು ಶುರುವಾದವು. ಬೋನಿನಲ್ಲಿ ಬಡಿದಾಡಿ, ಹಲ್ಲು ಮುರಿದುಕೊಂಡು, ಜನರ ಕೂಗಾಟ ಕೇಳಿ ಬೆದರಿ, ಗೊತ್ತಿಲ್ಲದ ನೆಲದಲ್ಲಿ ಇಳಿದ ಪ್ರಾಣಿ ಮನೆಯ ದಿಕ್ಕು ಹುಡುಕುತ್ತ ಹೊರಡುತ್ತದೆ. ದಾರಿಯಲ್ಲಿ ಊರುಗಳಿವೆ. ಇತ್ತ ಅದು ಬಿಟ್ಟುಬಂದ ಜಾಗವೇನೂ ಖಾಲಿ ಉಳಿಯುವುದಿಲ್ಲ. ನೆಲೆಗಾಗಿ ಅಲೆಯುತ್ತಿರುವ ಎಳೆಯ ಚಿರತೆಯೊಂದು ಬಂದು ಸೇರುತ್ತದೆ, ಅದಕ್ಕೆ ಆ ಜಾಗದ ನಿಯಮಗಳು ಗೊತ್ತಿರುವುದಿಲ್ಲ.

ಮುಂಬಯಿಗೂ ಈ ಪಾಠ ಬಹಳ ದುಬಾರಿಯಾಗಿ ಸಿಕ್ಕಿತು. 2004ರ ಜೂನ್ ತಿಂಗಳೊಂದರಲ್ಲೇ ಉದ್ಯಾನದ ಅಂಚಿನಲ್ಲಿ ಹತ್ತಿರ ಹತ್ತಿರ ಹತ್ತು ಮಂದಿ ಚಿರತೆಗಳಿಗೆ ಬಲಿಯಾದರು. ಆ ದಿನಗಳ ಭೀತಿಯನ್ನು ಮುಲುಂಡ್, ಪೊವಾಯಿಯ ಹಳಬರು ಇಂದಿಗೂ ನೆನೆಯುತ್ತಾರೆ. ಹೊರಗಿನಿಂದ ಹಿಡಿದು ತಂದ ಚಿರತೆಗಳನ್ನು ಈ ಉದ್ಯಾನಕ್ಕೆ ಬಿಟ್ಟದ್ದು ಅದಕ್ಕೆ ಒಂದು ಮುಖ್ಯ ಕಾರಣವೆಂದು ತಜ್ಞರು ಕಂಡುಕೊಂಡರು. ಆಮೇಲೆ ಆ ಪದ್ಧತಿ ನಿಂತಿತು. ದಾಳಿಗಳೂ ಗಣನೀಯವಾಗಿ ಇಳಿದವು. 2011ರಲ್ಲಿ ಉದ್ಯಾನದ ಅಧಿಕಾರಿಗಳು, ವಿಜ್ಞಾನಿಗಳು, ನಾಗರಿಕರು ಸೇರಿ 'ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ' ಎಂಬ ಕೆಲಸ ಆರಂಭಿಸಿ ವಸತಿ ಸಂಘಗಳಿಗೂ ಪೊಲೀಸರಿಗೂ ಪತ್ರಕರ್ತರಿಗೂ ತಿಳಿವಳಿಕೆ ಕೊಡತೊಡಗಿದರು.

ಇಲ್ಲಿ ಅಜೋಬಾನ ಕಥೆ ಹೇಳದಿದ್ದರೆ ಲೇಖನ ಅಪೂರ್ಣ. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಟಾಕಳಿ ಢೋಕೇಶ್ವರದ ಬಾವಿಗೆ ವಯಸ್ಸಾದ ಗಂಡು ಚಿರತೆಯೊಂದು ಬಿದ್ದಿತು. ಅದನ್ನು ಮೇಲೆತ್ತಿ, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಮಾಳಶೇಜ್ ಘಾಟಿನ ಕಾಡಿಗೆ ಬಿಟ್ಟರು. ಅದರ ಗಂಭೀರ ನಡವಳಿಕೆ ಕಂಡು ಸಂಶೋಧಕರೇ ಇಟ್ಟ ಹೆಸರು ಅಜೋಬಾ, ಅಂದರೆ ಅಜ್ಜ. ಅಜ್ಜ ಆ ಕಾಡಿನಲ್ಲಿ ನಿಲ್ಲಲಿಲ್ಲ. ಹಗಲು ಪೊದೆಯಲ್ಲಿ ಮಲಗಿ, ರಾತ್ರಿ ನಡೆದು, ಮುಂಬಯಿ-ಆಗ್ರಾ ಹೆದ್ದಾರಿ ದಾಟಿ, ಕಸಾರಾ ರೈಲು ನಿಲ್ದಾಣದ ಬಳಿ ಹಾದು, ವಸಯಿಯ ಖಾಡಿಯನ್ನು ಈಜಿ, ಸುಮಾರು ಒಂದು ತಿಂಗಳಲ್ಲಿ 120 ಕಿಲೋಮೀಟರ್ ಕ್ರಮಿಸಿ ಮುಂಬಯಿಯ ಈ ಕಾಡಿನ ಅಂಚಿಗೆ ಬಂದು ಸೇರಿತು. ಅಷ್ಟು ದೂರದ ದಾರಿಯಲ್ಲಿ ಒಬ್ಬ ಮನುಷ್ಯನನ್ನೂ ಮುಟ್ಟಲಿಲ್ಲ. ಅದು ಹುಟ್ಟಿದ ಜಾಗ ಇದೇ ಆಗಿತ್ತೆ? ದಿಕ್ಕು ತಪ್ಪದೆ ನೇರವಾಗಿ ಬಂದ ಆ ನಡಿಗೆ ಹಾಗೆ ಊಹಿಸುವಂತೆ ಮಾಡುತ್ತದೆ. 2011ರ ಡಿಸೆಂಬರಿನಲ್ಲಿ ಹೆದ್ದಾರಿ ದಾಟುವಾಗ ವಾಹನಕ್ಕೆ ಸಿಕ್ಕಿ ಸತ್ತ ಚಿರತೆಯೊಂದರ ದೇಹದೊಳಗಿದ್ದ ಚಿಪ್ಪನ್ನು ಪರೀಕ್ಷಿಸಿದಾಗ ಅದು ನಮ್ಮ ಅಜ್ಜನೇ ಎಂದು ತಿಳಿಯಿತು. 2014ರಲ್ಲಿ ಮರಾಠಿಯಲ್ಲಿ 'ಅಜೋಬಾ' ಎಂಬ ಚಿತ್ರವೂ ಬಂತು. ವರ್ಗಾವಣೆಯ ಆದೇಶವನ್ನು ಇಷ್ಟು ಸದ್ದಿಲ್ಲದೆ ಧಿಕ್ಕರಿಸಿದವರು ನಮ್ಮ ಇಲಾಖೆಯಲ್ಲಂತೂ ಯಾರೂ ಇಲ್ಲ.

ನಮ್ಮ ಭಯದ ಮೂಲವನ್ನೂ ಸ್ವಲ್ಪ ಕೆದಕಬೇಕು. ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರಿಗೆ ಕ್ರೂರಮೃಗ ಎಂಬುದು ಪುಸ್ತಕದಿಂದ ಬಂದದ್ದು. ತೇಜಸ್ವಿಯವರು ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನು ಹಾಸಿಗೆಯಲ್ಲಿ ಮುದುಡಿಕೊಂಡು ಓದಿದ ತಲೆಮಾರು ನಮ್ಮದು. ಕಾರ್ಬೆಟ್ಟನ ಆ ಚಿರತೆ ಸಾವಿರಾರು ಚಿರತೆಗಳಲ್ಲಿ ಒಂದು. ನಮಗೆ ಅದೊಂದೇ ಚಿರತೆ. ಪಾಡಾಗಳ ವಾರ್ಲಿಗಳ ನೆನಪು ಬೇರೆ. ಅವರಿಗೆ ವಾಘೋಬಾ ದೇವರು. ಆರೆಯಲ್ಲೇ ಅವನ ಗುಡಿಯಿದೆ. ದೀಪಾವಳಿಗೆ ಮುಂಚಿನ ದ್ವಾದಶಿ ಅವರಿಗೆ ವಾಘಬಾರಸ್. ಪಿಲಿಚಾಮುಂಡಿಗೆ ಕೋಲ ಕೊಡುವ ನಾಡಿನಿಂದ ಬಂದು ಇಲ್ಲಿ ಹೋಟೆಲು ನಡೆಸುತ್ತಿರುವ ನಮ್ಮ ತುಳು ಬಂಧುಗಳಿಗೆ ಈ ಭಾವ ಬಿಡಿಸಿ ಹೇಳಬೇಕಾಗಿಲ್ಲ. ದೇವರೆಂದರೆ ಭಯವಿಲ್ಲ ಎಂದಲ್ಲ; ಭಯಕ್ಕೂ ಒಂದು ಮರ್ಯಾದೆ ಇದೆ ಎಂದರ್ಥ.

ಕನ್ನಡಿಗರಾದ ನಮಗೆ ಈ ಬೆಟ್ಟದೊಡನೆ ಇನ್ನೊಂದು ಹಳೆಯ ನಂಟೂ ಇದೆ. ಉದ್ಯಾನದ ನಡುವಿನ ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ದಾನಶಾಸನಗಳಿವೆ. ಕೊಂಕಣದ ಶಿಲಾಹಾರ ಸಾಮಂತರ ಕಾಲದ ಆ ಶಾಸನಗಳಲ್ಲಿ ಅವರ ಒಡೆಯ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ: ಕವಿರಾಜಮಾರ್ಗದ ನಮ್ಮ ನೃಪತುಂಗನೇ. ಕೃಷ್ಣಗಿರಿ ಎಂಬುದೇ ಸವೆದು ಕಾನ್ಹೇರಿ ಆದದ್ದು. ನಮ್ಮನ್ನು ಹೊರಗಿನವರೆಂದು ಯಾರಾದರೂ ಕೆಣಕಿದಾಗ ಈ ಶಾಸನಗಳನ್ನು ನೆನೆದು ಬೀಗುವುದುಂಟು. ಆದರೆ ಭಿಕ್ಷುಗಳು ಬಂಡೆ ಕೊರೆಯುವ ಮೊದಲೇ ಆ ಬೆಟ್ಟದಲ್ಲಿ ಇದ್ದವರು ಯಾರು ಎಂದು ಕೇಳಿದರೆ ಸುಮ್ಮನಾಗಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಚಿರತೆಯ ಪರವಾಗಿ ಜಯಘೋಷ ಮಾಡಿ ಮುಗಿಸಬಹುದಿತ್ತು. ಅನೇಕರು ಹಾಗೆ ಮುಗಿಸುತ್ತಾರೆ. ಜಗತ್ತಿನಲ್ಲೇ ಅಪರೂಪದ ಸಹಬಾಳ್ವೆಯ ನಗರ ನಮ್ಮದು ಎಂಬ ಹೆಮ್ಮೆಯ ಬರಹಗಳು ಬರುತ್ತಲೇ ಇರುತ್ತವೆ. 2018ರ ಒಂದು ಪ್ರಸಿದ್ಧ ಅಧ್ಯಯನ ಈ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತವೆ, ಅದರಿಂದ ಸುಮಾರು ಸಾವಿರ ನಾಯಿಕಡಿತಗಳೂ ತೊಂಬತ್ತರಷ್ಟು ರೇಬೀಸ್ ಪ್ರಕರಣಗಳೂ ತಪ್ಪುತ್ತವೆ ಎಂದು ಅಂದಾಜು ಮಾಡಿತು. ಲೆಕ್ಕ ಉಪಯುಕ್ತವೇ. ಆದರೆ ಈ ಸಹಬಾಳ್ವೆಯ ಬೆಲೆ ತೆರುವವರು ಯಾರು ಎಂಬುದು ಆ ಲೆಕ್ಕದಲ್ಲಿ ಇಲ್ಲ. ನಮ್ಮ ಅಭಿಪ್ರಾಯ ಇಲ್ಲಿ ಸ್ಪಷ್ಟವಾಗಿರಲಿ: ಹನ್ನೆರಡನೆಯ ಮಹಡಿಯ ಬಾಲ್ಕನಿಯಿಂದ ಚಿರತೆಯನ್ನು ಪ್ರೀತಿಸುವುದು ಸುಲಭ. 2021ರ ಮಳೆಗಾಲದ ಕೊನೆಯಲ್ಲಿ ಆರೆಯಲ್ಲಿ ಸಾಲಾಗಿ ದಾಳಿಗಳಾದವು; ಊರುಗೋಲಿನಿಂದ ಚಿರತೆಯನ್ನು ಹಿಮ್ಮೆಟ್ಟಿಸಿದ ವೃದ್ಧೆಯೊಬ್ಬರ ದೃಶ್ಯವನ್ನು ನಾವೆಲ್ಲ ನೋಡಿ ಬೆರಗಾಗಿ ಮುಂದಕ್ಕೆ ಕಳಿಸಿದೆವು. 2022ರ ದೀಪಾವಳಿಯ ದಿನ ಅದೇ ಆರೆಯಲ್ಲಿ ಹದಿನಾರು ತಿಂಗಳ ಮಗುವೊಂದು ಚಿರತೆಯ ಬಾಯಿಗೆ ಸಿಕ್ಕಿ ಸತ್ತಿತು. ಆ ಸುದ್ದಿಯನ್ನು ಮುಂದಕ್ಕೆ ಕಳಿಸುವ ಉತ್ಸಾಹ ಯಾರಿಗೂ ಇರಲಿಲ್ಲ.

ಸಾಯುವವರು ಹೆಚ್ಚಾಗಿ ಪಾಡಾದವರು, ಗುಡಿಸಲಿನವರು, ಮಕ್ಕಳು. ಕಾರಣ ಚಿರತೆಗೆ ಬಡವರ ಮೇಲೆ ದ್ವೇಷವೆಂದಲ್ಲ. ಮನೆಯೊಳಗೆ ಶೌಚಾಲಯವಿಲ್ಲದೆ ಮುಂಜಾವಿನ ಕತ್ತಲಲ್ಲಿ ಪೊದೆಯ ಬಳಿ ಕುಳಿತ ಮಗು ಚಿರತೆಯ ಕಣ್ಣಿಗೆ ತನ್ನ ಎಂದಿನ ಬೇಟೆಯಷ್ಟೇ ಎತ್ತರದ ಪ್ರಾಣಿ. ದಾರಿದೀಪವಿಲ್ಲ, ಕಸ ಎತ್ತುವವರಿಲ್ಲ. ಕಸವಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ. ಆ ಕಸವೂ ಪಾಡಾದವರದಷ್ಟೇ ಅಲ್ಲ. ನಮ್ಮ ಕಾಲೊನಿಯ ಗೋಡೆಯಾಚೆಗೆ, ಅವರ ಕಾಲುದಾರಿಯ ಪಕ್ಕಕ್ಕೆ, ಹಬ್ಬದೂಟದ ಮಿಕ್ಕ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವವರು ನಾವೇ. ಆ ಚಿರತೆ ಗೋಡೆಯ ಮೇಲೆ ಕುಳಿತು ನೋಡಿದ್ದು ನಮ್ಮ ತೊಟ್ಟಿಯನ್ನು; ಇಳಿದದ್ದು ಅವರ ಕಡೆಗೆ.

ಈ ವಿಷಯ ಮೈಸೂರು ಕಡೆಯ ನಮ್ಮ ಚಿಕ್ಕಪ್ಪನವರೊಡನೆ ಫೋನಿನಲ್ಲಿ ಹಂಚಿಕೊಂಡೆವು. ಅವರ ಊರು ತಿ. ನರಸೀಪುರ ತಾಲ್ಲೂಕಿನದು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಅಲ್ಲಿ ನಾಲ್ವರು ಚಿರತೆಗೆ ಬಲಿಯಾದದ್ದು ಓದುಗರಿಗೆ ನೆನಪಿರಬಹುದು. ನಮ್ಮ ಸಹಬಾಳ್ವೆಯ ಉಪದೇಶವನ್ನೆಲ್ಲ ತಾಳ್ಮೆಯಿಂದ ಕೇಳಿದ ಮೇಲೆ ಅವರು ಹೇಳಿದರು: "ನಿಮ್ಗೇನು ಬುಡಪ್ಪ, ಗ್ವಾಡೆ ಮೇಲೆ ಬಂದು ಫೋಟೊ ತೆಗುಸ್ಕೊಂಡು ವೊಯ್ತದೆ. ನಮ್ಗೆ ಕರೆಂಟು ಕೊಡಾದೇ ರಾತ್ರಿ. ಕಬ್ಬಿಗೆ ನೀರು ಕಟ್ಟಕೆ ಕತ್ಲೇಲೇ ವೋಗ್ಬೇಕು. ಅದ್ಕೂ ಕಬ್ಬೇ ಮನೆ, ನಮ್ಗೂ ಕಬ್ಬೇ ಹೊಟ್ಟೆಪಾಡು." ಪಂಪ್‌ಸೆಟ್ಟಿಗೆ ಹಗಲು ವಿದ್ಯುತ್ತು ಕೊಟ್ಟರೆ ಎಷ್ಟು ಜೀವ ಉಳಿದೀತು ಎಂಬ ಪ್ರಶ್ನೆಯನ್ನು ವನ್ಯಜೀವಿಗಳ ಕುರಿತ ಬರಹಗಳಲ್ಲಿ ನಾವು ಕಂಡದ್ದು ಕಡಿಮೆ. 2024ರಲ್ಲಿ ಬಿಡುಗಡೆಯಾದ ರಾಷ್ಟ್ರೀಯ ವರದಿಯ ಪ್ರಕಾರ ದೇಶದಲ್ಲಿ 13,874 ಚಿರತೆಗಳಿವೆ. ಮಹಾರಾಷ್ಟ್ರದಲ್ಲಿ 1,985, ಕರ್ನಾಟಕದಲ್ಲಿ 1,879. ಇವುಗಳಲ್ಲಿ ಎಷ್ಟೋ ಪ್ರಾಣಿಗಳ ಹಗಲು ಕಳೆಯುವುದು ಯಾರದೋ ಹೊಲದಲ್ಲಿ. ಇವನ್ನೆಲ್ಲ ಹಿಡಿದು ಬಿಡುವಂಥ ಆ 'ದೂರದ ಕಾಡು' ಭೂಪಟದಲ್ಲಿ ಎಲ್ಲಿದೆ?

ಅಮೆರಿಕದಲ್ಲಿ ಬಾಬ್‌ಕ್ಯಾಟ್ ಎಂಬ ಮೊಂಡು ಬಾಲದ ಕಾಡುಬೆಕ್ಕಿದೆ. ಲಾಸ್ ಏಂಜಲೀಸಿನ ಅಂಚಿನ ಗುಡ್ಡಗಳಲ್ಲಿ ಮನೆಗಳ ಹಿತ್ತಿಲವರೆಗೂ ಬರುತ್ತದೆ. ಅಲ್ಲಿ ಅದನ್ನು ಕಾಡಿದ್ದು ಗುಂಡಲ್ಲ, ಜನ ಮನೆಯ ಸುತ್ತ ಇಡುವ ಇಲಿಪಾಷಾಣ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕುಗಳಿಗೆ ಕಜ್ಜಿ ಹಿಡಿದು ಅವು ಸಾಯುತ್ತಿರುವುದನ್ನು ಅಲ್ಲಿಯ ಸಂಶೋಧಕರು ಗುರುತಿಸಿದರು. ಅದೇ ನಗರದ ಹೊರಗೆ, ಎಡೆಬಿಡದ ಹೆದ್ದಾರಿಯ ಮೇಲೆ ಪ್ರಾಣಿಗಳಿಗೆಂದೇ ಮಣ್ಣು ಗಿಡಗಳ ಸೇತುವೆಯೊಂದರ ಕಾಮಗಾರಿ 2022ರಲ್ಲಿ ಆರಂಭವಾಯಿತು. ನಮ್ಮಲ್ಲಿ ಉದ್ಯಾನದ ಉತ್ತರ ತುದಿಯ ನಾಗಲಾ ಕಾಡನ್ನು ಘೋಡ್‌ಬಂದರ್ ರಸ್ತೆ ಕಡಿದುಹಾಕಿದೆ. ಅದನ್ನು ದಾಟುವಾಗ ಚಿರತೆಗಳು ಸತ್ತಿವೆ. ದಾಟಲಾಗದಿದ್ದರೆ ಖಾಡಿಯಾಚೆಯ ತುಂಗಾರೇಶ್ವರದೊಡನೆ ಸಂಪರ್ಕ ತಪ್ಪಿ, ನಮ್ಮ ಚಿರತೆಗಳು ದ್ವೀಪದಲ್ಲಿ ಉಳಿದಂತೆ ತಮ್ಮ ತಮ್ಮಲ್ಲೇ ಕೂಡಿ ಕ್ಷೀಣಿಸಬೇಕು. ಆರೆಯಲ್ಲಿ 2019ರ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ ಮೆಟ್ರೊ ಶೆಡ್ಡಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಬಿದ್ದವು. ಮರುವರ್ಷವೇ ಆರೆಯ ಸುಮಾರು 800 ಎಕರೆಯನ್ನು ಮೀಸಲು ಅರಣ್ಯ ಮಾಡುವ ಘೋಷಣೆಯೂ ಬಂತು. ಈಗ ಉದ್ಯಾನದ ಅಡಿಯಲ್ಲಿ ಬೊರಿವಲಿಯಿಂದ ಠಾಣೆಗೆ ಹತ್ತು ಕಿಲೋಮೀಟರಿಗೂ ಉದ್ದದ ಜೋಡಿ ಸುರಂಗ ಬರಲಿದೆ. ಮಾಟುಂಗದಲ್ಲಿ ಸಾಹಿತ್ಯ ಸಭೆ ಮುಗಿಸಿ ಠಾಣೆಯ ಗೆಳೆಯರೊಡನೆ ಹಿಂತಿರುಗುವ ನಮಗೂ ಅದರಿಂದ ಅನುಕೂಲವೇ, ಸುಳ್ಳು ಹೇಳಬೇಕಾಗಿಲ್ಲ. ಸುರಂಗದ ಬಾಯಿಗಳ ಸುತ್ತ ಏನೇನು ಏಳುತ್ತದೆ ಎಂಬುದೇ ನಮ್ಮ ಆತಂಕ.

ಮನವಿಪತ್ರದ ಕಥೆಗೆ ಬರೋಣ. ಅರಣ್ಯ ಸಿಬ್ಬಂದಿಯೊಬ್ಬರು ವಾರದೊಳಗೆ ಬಂದರು. ದೃಶ್ಯವನ್ನು ನಾಲ್ಕು ಸಲ ನೋಡಿದರು. "ಹಿಡಿಯುವುದೇನೋ ಹಿಡಿಯಬಹುದು ಸಾಹೇಬ್. ಆದರೆ ಬೋನಿಗೆ ಇದೇ ಬರುತ್ತದೆಂದು ಹೇಗೆ ಹೇಳಲಿ? ಇದು ನಿಮಗೆ ಏನೂ ಮಾಡಿಲ್ಲ. ಇದನ್ನು ಒಯ್ದು ಏನಾದರೂ ಮಾಡುವ ಇನ್ನೊಂದು ಬಂದರೆ?" ಎಂದು ಮರಾಠಿಯಲ್ಲಿ ಕೇಳಿದರು. ಆಮೇಲೆ ಗೋಡೆಯ ಹಿಂಬದಿಗೆ ನಡೆದುಹೋಗಿ ಕಸದ ರಾಶಿಯನ್ನು ಮೌನವಾಗಿ ತೋರಿಸಿದರು. ಕಾಲೊನಿಯ ಸಭೆಯಲ್ಲಿ ದೊಡ್ಡ ವಾಗ್ವಾದವೇ ಆಯಿತು. ಪುಟ್ಟ ಮಕ್ಕಳ ತಾಯಂದಿರ ಭಯವನ್ನು ಜುನ್ನರಿನ ಅಂಕಿಅಂಶಗಳಿಂದ ಕರಗಿಸಲು ಹೋಗಿ ನಾವು ಬೈಸಿಕೊಂಡೆವು. ಬೈದದ್ದು ಸರಿಯಾಗಿಯೇ ಇತ್ತು. ಕೊನೆಗೆ ಮನವಿಪತ್ರವನ್ನು ಹಿಂಪಡೆಯದೆ, ಮುಂದಕ್ಕೂ ಒತ್ತದೆ ಬಿಟ್ಟೆವು. ಬದಲಿಗೆ ಎರಡು ಹೊಸ ಪತ್ರಗಳು ಹೋದವು. ಒಂದು ಕಸದ ಗಾಡಿ ರಾತ್ರಿಯ ಬದಲು ಸಂಜೆಗೆ ಬರಲೆಂದು, ಇನ್ನೊಂದು ಗೋಡೆಯಾಚೆಯ ಪಾಡಾದ ಕಾಲುದಾರಿಗೆ ಆರು ದೀಪಗಳೂ ಒಂದು ಶೌಚಾಲಯವೂ ಬೇಕೆಂದು.

ಗಾಡಿ ಈಗ ಸಂಜೆ ಆರಕ್ಕೆ ಬರುತ್ತಿದೆ. ತೊಟ್ಟಿಗೆ ಮುಚ್ಚಳ ಬಂದಿದೆ, ಗೋಡೆಯ ಬಳಿ ನಾಯಿಗಳು ಕಡಿಮೆಯಾಗಿವೆ. ಚಿರತೆ ಡಿಸೆಂಬರಿನಲ್ಲಿ ಇನ್ನೊಮ್ಮೆ ಕ್ಯಾಮೆರಾಕ್ಕೆ ಸಿಕ್ಕಿತು, ಕುಳಿತುಕೊಳ್ಳಲಿಲ್ಲ, ನಡೆದುಹೋಯಿತು. ದೀಪ ಮತ್ತು ಶೌಚಾಲಯದ ಪತ್ರಕ್ಕೆ ಸಂಬಂಧಪಟ್ಟ ಕಚೇರಿಯಿಂದ ಒಂದು ಸ್ವೀಕೃತಿ ಸಂಖ್ಯೆ ಬಂದಿದೆ. ಪಾಡಾದ ಹೆಂಗಸರು ಇಂದಿಗೂ ಮುಂಜಾವಿನಲ್ಲಿ ನಾಲ್ಕೈದು ಜನ ಕೂಡಿ, ಕೈಯಲ್ಲಿ ಕೋಲು ಹಿಡಿದು, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು ಆ ದಾರಿಯಲ್ಲಿ ಹೋಗುತ್ತಾರೆ. ಹಾಡು ನಮ್ಮ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತದೆ.